ಜಿಂಕೆ ಬೇಟೆಯ ಮರಸು ಗೂಡಿಗೆ ಬಾಳಿಕೆ ಬರುವ ಸಾಮಗ್ರಿ ಯಾವುದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರ ಭಾಗದಲ್ಲಿ ನಮ್ಮ ಕುಟುಂಬಕ್ಕೆ ಸೇರಿದ ಸ್ವಲ್ಪ ಕಾಡುಭೂಮಿ ಇದೆ. ನವೆಂಬರ್ ತಿಂಗಳ ಜಿಂಕೆ ಬೇಟೆಯ ಋತುವಿಗಾಗಿ ಅಲ್ಲಿ ಹತ್ತು ಅಡಿ ಎತ್ತರದ ಕಂಬಗಳ ಮೇಲೆ ಆರು ಅಡಿ ಉದ್ದ, ಆರು ಅಡಿ ಅಗಲದ, ಒಳಗೆ ಅಡಗಿ ಕೂತು ಬೇಟೆಯಾಡುವಂಥ ಮುಚ್ಚಿದ ಮರಸು ಗೂಡೊಂದನ್ನು ಕಟ್ಟಬೇಕೆಂದಿದ್ದೇನೆ. ಪ್ಲೈವುಡ್ ನಾಲ್ಕೈದು ವರ್ಷಗಳಲ್ಲೇ ಕುಂಬಾಗುತ್ತದೆ, ತಗಡು ಸದ್ದು ಮಾಡುತ್ತದೆ, ಪ್ಲಾಸ್ಟಿಕ್ ಬಲು ದುಬಾರಿ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಒಮ್ಮೆ ಕಟ್ಟಿದರೆ ಮಕ್ಕಳ ಕಾಲಕ್ಕೂ ಉಳಿಯಬೇಕೆಂದರೆ ಯಾವುದನ್ನು ಆರಿಸಬೇಕು?

ಉತ್ತರ: ನಿಮ್ಮ ಅಳತೆಯ, ಒಮ್ಮೆ ನಿಲ್ಲಿಸಿದ ಜಾಗದಿಂದ ಮತ್ತೆ ಕದಲಿಸದ ಗೂಡಿಗೆ, ಸಂರಕ್ಷಕ ಔಷಧಿ ಹೊಡೆದ ಮರದ ಕಂಬ ಮತ್ತು ಚೌಕಟ್ಟು, ಎಂಡಿಓ ಎಂಬ, ಮುಖಕ್ಕೆ ರಾಳದ ಕಾಗದ ಬೆಸೆದ ಪ್ಲೈವುಡ್ಡಿನ ಗೋಡೆ, ಸತುವು ಲೇಪಿಸಿದ ಉಕ್ಕಿನ ತಗಡಿನ ಚಾವಣಿ, ಈ ಮೂರರ ಜೋಡಣೆಯನ್ನೇ ನಾನು ಸೂಚಿಸುತ್ತೇನೆ. ಆದರೆ ಸಾಮಗ್ರಿಯ ಹೆಸರಿಗಿಂತ ಅದನ್ನು ಕತ್ತರಿಸಿ ಕೂಡಿಸುವ ರೀತಿಯೇ ಗೂಡಿನ ಆಯುಷ್ಯವನ್ನು ನಿರ್ಧರಿಸುತ್ತದೆ. ಹಳೆಯ ಮರಸು ಗೂಡುಗಳನ್ನು ಗಮನಿಸಿ ನೋಡಿದರೆ ಹಲಗೆಯ ನಡುಭಾಗ ಗಟ್ಟಿಯಾಗಿಯೇ ಇದ್ದು, ಗೋಡೆಯ ಕೆಳ ಅಂಚು, ಕಿಟಕಿಯ ಹೊಸ್ತಿಲು, ನೆಲದ ಮೂಲೆಗಳು ಮತ್ತು ಕಂಬ ಮಣ್ಣಿಗಿಳಿಯುವ ಜಾಗ ಮಾತ್ರ ಪುಡಿಯಾಗಿರುವುದು ಕಾಣುತ್ತದೆ.

ಇದಕ್ಕೆ ಕಾರಣ ಸರಳವಾದದ್ದು. ಮರವನ್ನು ತಿನ್ನುವುದು ನೀರಲ್ಲ, ನೀರಿನ ಆಸರೆಯಲ್ಲಿ ಬೆಳೆಯುವ ಶಿಲೀಂಧ್ರ. ಒಣ ಮರದ ತೂಕದ ಶೇಕಡಾ 30ರ ಸುಮಾರಿಗೆ ತೇವಾಂಶ ಮುಟ್ಟಿದಾಗ ಅದರ ನಾರುಗಳು ನೀರಿನಿಂದ ತಣಿಯುತ್ತವೆ. ಆ ಮಟ್ಟದಲ್ಲಿ ಶಿಲೀಂಧ್ರಕ್ಕೆ ಹಬ್ಬ. ತೇವಾಂಶ ಶೇಕಡಾ 20ಕ್ಕಿಂತ ಕೆಳಗೇ ಉಳಿದ ಮರದಲ್ಲಿ ಕೊಳೆತ ಶುರುವಾಗುವುದೇ ಇಲ್ಲ. ನಿಮ್ಮದೇ ರಾಜ್ಯದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪನೆಯಾದ ಅಮೆರಿಕದ ಅರಣ್ಯ ಉತ್ಪನ್ನ ಪ್ರಯೋಗಾಲಯವು ದಶಕಗಳಿಂದ ಹೇಳುತ್ತ ಬಂದಿರುವ ತಿಳಿವಳಿಕೆಯ ತಿರುಳೂ ಇದೇ ಆಗಿದೆ: ಮರ ಒದ್ದೆಯಾಗದಂತೆ ಪೂರ್ತಿ ತಡೆಯಲಾಗದಿದ್ದರೂ, ಒದ್ದೆಯಾದದ್ದು ಬೇಗ ಒಣಗುವಂತೆ ಕಟ್ಟಬಹುದು. ಮರದ ನಾರು ಕತ್ತರಿಸಿದ ತುದಿಯಿಂದ ನೀರನ್ನು ಹೀರುವಷ್ಟು ವೇಗವಾಗಿ ಮುಖದ ಕಡೆಯಿಂದ ಹೀರುವುದಿಲ್ಲ. ಪ್ಲೈವುಡ್ಡಿನಲ್ಲಿಯಂತೂ ನಾಲ್ಕೂ ಅಂಚುಗಳು ಇಂಥ ತೆರೆದ ತುದಿಗಳೇ; ಒಂದು ಪದರ ಬಿಟ್ಟು ಒಂದು ಪದರದ ನಾರು ಅಂಚಿಗೆ ಬಾಯಿ ತೆರೆದಿರುತ್ತದೆ.

ಪ್ಲೈವುಡ್ ನಾಲ್ಕೈದು ವರ್ಷಕ್ಕೆ ಹಾಳಾಯಿತೆಂದು ಹೇಳಿದವರು ಬಹುಮಟ್ಟಿಗೆ ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಗುವ ಸಿಡಿಎಕ್ಸ್ ದರ್ಜೆಯ ಹಲಗೆಯನ್ನು ಬಳಸಿರಬೇಕು. ಅದರ ಹೆಸರಿನ ಕೊನೆಯ ಎಕ್ಸ್ ಅಕ್ಷರವನ್ನು ನೋಡಿ ಹೊರಾಂಗಣಕ್ಕೆ ಯೋಗ್ಯವೆಂದು ಅನೇಕರು ತಿಳಿಯುತ್ತಾರೆ. ವಾಸ್ತವದಲ್ಲಿ ಆ ಹಲಗೆಯ ಅಂಟು ನೀರಿಗೆ ತಡೆಯುವಂಥದ್ದಾದರೂ, ಮನೆ ಕಟ್ಟುವಾಗ ಚಾವಣಿ ಏರುವವರೆಗೆ ಕೆಲಕಾಲ ಮಳೆಗೆ ಸಿಕ್ಕರೆ ತಾಳಿಕೊಳ್ಳಲಿ ಎಂಬಷ್ಟೇ ಅದರ ದರ್ಜೆಯ ಅರ್ಥ. ವರ್ಷಗಟ್ಟಲೆ ಬಿಸಿಲು ಮಳೆಗೆ ಮೈಯೊಡ್ಡಿ ನಿಲ್ಲಲು ಅದನ್ನು ತಯಾರಿಸಿಲ್ಲ. ಒಳಪದರಗಳಲ್ಲಿ ಗಂಟು ಬಿದ್ದುಹೋದ ತೂತುಗಳೂ ಇರುತ್ತವೆ, ಅವುಗಳಲ್ಲಿ ನೀರು ನಿಲ್ಲುತ್ತದೆ. ಓಎಸ್‌ಬಿ ಎಂಬ ಚಕ್ಕೆಗಳ ಹಲಗೆಯನ್ನು ಗೋಡೆಗೆ ತೆರೆದಂತೆ ಬಳಸುವುದನ್ನು ಯೋಚಿಸಲೂ ಬೇಡಿ. ಅದರ ಅಂಚು ಒಮ್ಮೆ ನೀರು ಕುಡಿದು ಉಬ್ಬಿದರೆ ಒಣಗಿದ ಮೇಲೂ ಹಿಂದಿನ ದಪ್ಪಕ್ಕೆ ಮರಳುವುದಿಲ್ಲ.

ಎಂಡಿಓ ಎಂದರೆ ರಾಳದಲ್ಲಿ ಅದ್ದಿದ ಕಾಗದದ ಪದರವನ್ನು ಬಿಸಿ ಮತ್ತು ಒತ್ತಡದಿಂದ ಮುಖಕ್ಕೆ ಬೆಸೆದ ಹೊರಾಂಗಣ ಪ್ಲೈವುಡ್. ರಸ್ತೆ ಬದಿಯ ಫಲಕಗಳಿಗೆ ಇದನ್ನು ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ ಎಂಬುದೇ ಇದರ ಗುಣಕ್ಕೆ ಸಾಕ್ಷಿ. ಸಾದಾ ಪ್ಲೈವುಡ್ಡಿನ ಮುಖ ಬಿಸಿಲಿಗೆ ಕೂದಲೆಳೆಯ ಬಿರುಕು ಬಿಟ್ಟು, ಆ ಬಿರುಕಿನ ಜೊತೆಗೇ ಬಣ್ಣವೂ ಸೀಳುತ್ತದೆ; ಎಂಡಿಓ ಮುಖದಲ್ಲಿ ಅಂಥ ಬಿರುಕು ಏಳುವುದಿಲ್ಲವಾದ್ದರಿಂದ ಬಣ್ಣ ಬಹಳ ವರ್ಷ ಹಿಡಿದು ನಿಲ್ಲುತ್ತದೆ. ಬೆಲೆ ಹೆಚ್ಚು, ನಿಜ. ಆದರೆ ನಿಮ್ಮ ಗೂಡಿನ ಗೋಡೆಗಳಿಗೆ ಬೇಕಾಗುವುದು ಕೆಲವೇ ಹಲಗೆಗಳು, ಮತ್ತು ಅರ್ಧ ಅಂಗುಲ ದಪ್ಪ ಧಾರಾಳವಾಗಿ ಸಾಕು. ಮುಕ್ಕಾಲು ಅಂಗುಲ ದಪ್ಪದ ನಾಲ್ಕಡಿ ಎಂಟಡಿ ಹಲಗೆಯೊಂದು 60 ರಿಂದ 70 ಪೌಂಡ್ ತೂಗುತ್ತದೆ. ಹತ್ತಡಿ ಎತ್ತರಕ್ಕೆ ಅದನ್ನು ಏಣಿಯ ಮೇಲೆ ಹೊತ್ತು ನಿಲ್ಲಿಸುವ ಕಷ್ಟವನ್ನು ವಿನಾಕಾರಣ ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಇನ್ನು ಕಟ್ಟುವ ಕ್ರಮ. ಕಿಟಕಿ, ಬಾಗಿಲುಗಳ ತೆರವುಗಳನ್ನೂ ಸೇರಿಸಿ ಎಲ್ಲ ಹಲಗೆಗಳನ್ನೂ ನೆಲದ ಮೇಲೆಯೇ ಕತ್ತರಿಸಿ, ಪ್ರತಿಯೊಂದು ಅಂಚಿಗೂ ಪ್ರೈಮರನ್ನು ಎರಡು ಸಲ ತುಂಬಿ ಹಚ್ಚಿ, ಅದು ಒಣಗಿದ ಮೇಲೆಯೇ ಜೋಡಣೆಗೆ ತೊಡಗಬೇಕು. ಗೂಡು ನಿಂತ ಮೇಲೆ ಬಣ್ಣ ಹಚ್ಚುವವರಿಗೆ ಮುಖಗಳು ಸಿಗುತ್ತವೆಯೇ ಹೊರತು ಅಂಚುಗಳು ಸಿಗುವುದಿಲ್ಲ. ಗೋಡೆಯ ಹಲಗೆ ನೆಲದ ಹಲಗೆಯ ಮೇಲೆ ಕುಳಿತಿರಬಾರದು. ಅದು ನೆಲದ ಚೌಕಟ್ಟಿನ ಹೊರಮೈಗೆ ತಾಗಿ ಒಂದಂಗುಲ ಕೆಳಗಿಳಿದು ನಿಂತರೆ ಗೋಡೆಯ ಮೇಲೆ ಹರಿದ ನೀರು ಒಳನುಗ್ಗದೆ ಹನಿಯಾಗಿ ಕೆಳಗೆ ಬೀಳುತ್ತದೆ. ಕಿಟಕಿಯ ಕೆಳಗಿನ ಪಟ್ಟಿಯನ್ನು ಹೊರಕ್ಕೆ ಇಳಿಜಾರಾಗಿ ಕೂರಿಸಿ. ಚಾವಣಿಗೆ ಸ್ಪಷ್ಟವಾದ ಇಳಿಜಾರು ಇರಲಿ, ಸೂರು ನಾಲ್ಕೂ ಕಡೆ ಒಂದಡಿಯಾದರೂ ಚಾಚಿಕೊಂಡಿರಲಿ. ಬಂದೂಕು ಅಥವಾ ಬಿಲ್ಲು ಎತ್ತಿ ಗುರಿ ಹಿಡಿಯಲು ಸೂರು ಅಡ್ಡಬರುತ್ತದೆಂದು ಕೆಲವರು ಅದನ್ನು ಗೋಡೆಗೆ ಸಮವಾಗಿ ಕತ್ತರಿಸಿಬಿಡುತ್ತಾರೆ. ಎತ್ತರದ ಗೂಡಿನಿಂದ ನೋಟ ಹಾಯುವುದು ಕೆಳಕ್ಕೆ, ಸೂರಿರುವುದು ಮೇಲೆ. ಈ ತಕರಾರಿನಲ್ಲಿ ನನಗೆ ಹುರುಳು ಕಾಣುವುದಿಲ್ಲ.

ತಗಡನ್ನು ಚಾವಣಿಗೆ ಮಾತ್ರ ಹೇಳಿದ್ದೇಕೆಂದರೆ, ಗೋಡೆಗೂ ಬರಿಯ ತಗಡನ್ನೇ ಹೊಡೆದರೆ ಚಳಿಗಾಲದ ಬೆಳಗಿನಲ್ಲಿ ಒಳಗೆ ಕುಳಿತವರ ಉಸಿರಿನ ಆವಿ ಆ ತಣ್ಣನೆಯ ಲೋಹಕ್ಕೆ ಹಿಡಿದು ಹಿಮದ ಪೊರೆಯಾಗುತ್ತದೆ, ಬಿಸಿಲೇರಿದಂತೆ ಅದೇ ಕರಗಿ ಚೌಕಟ್ಟಿನ ಮರವನ್ನು ನೆನೆಸುತ್ತದೆ. ಮೊಣಕೈ ತಾಗಿದರೂ ಗೋಡೆ ಗುಂಯ್‌ಗುಡುತ್ತದೆ ಎಂಬುದು ಬೇರೆಯ ಮಾತು. ಚಾವಣಿಯ ತಗಡಿನ ಕೆಳಗೂ ತೆಳುವಾದ ಪ್ಲೈವುಡ್ ಹೊದಿಕೆ ಹಾಕಿದರೆ ಮಳೆಯ ಸದ್ದು ತಗ್ಗುತ್ತದೆ, ಆವಿಯ ಹನಿ ತಲೆಯ ಮೇಲೆ ತೊಟ್ಟಿಕ್ಕುವುದಿಲ್ಲ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ, ಉಕ್ಕಿನ ಮೂರನೆಯ ಒಂದು ಭಾಗದಷ್ಟೇ ತೂಗುತ್ತದೆ. ಆದರೆ ತೆಳುವಾದ ಅಲ್ಯೂಮಿನಿಯಂ ಹಾಳೆ ಬಿಸಿಲಿಗೆ ಹಿಗ್ಗಿ ಟಪ್ಪೆಂದು ಸಿಡಿಯುವ ಸದ್ದು ಮಾಡುವುದರಿಂದ ಗೋಡೆಗಿಂತ ಏಣಿಗೂ ಚೌಕಟ್ಟಿಗೂ ಅದು ಹೆಚ್ಚು ಒಪ್ಪುತ್ತದೆ.

ಕೊನೆಗೆ ಕಂಬಗಳ ವಿಷಯ. ಗಂಟೆಗೆ 60 ಮೈಲಿ ವೇಗದ ಗಾಳಿ ಚದರ ಅಡಿಗೆ ಸುಮಾರು 9 ಪೌಂಡಿನಷ್ಟು ಒತ್ತುತ್ತದೆ. ಆರಡಿ ಎತ್ತರ ಆರಡಿ ಅಗಲದ ಒಂದು ಗೋಡೆಯ ಮೇಲೆ ಅದು 300 ಪೌಂಡನ್ನು ಮೀರುತ್ತದೆ, ಅದೂ ಹತ್ತಡಿಗಿಂತ ಮೇಲೆ. ಆದ್ದರಿಂದ ನಾಲ್ಕಂಗುಲದ ಕಂಬಗಳಿಗಿಂತ ಆರಂಗುಲದವು ಲೇಸು. ಅಡ್ಡ ಓರೆಪಟ್ಟಿಗಳಿಲ್ಲದೆ ಮತ್ತು ನಾಲ್ಕು ದಿಕ್ಕಿಗೆ ತಂತಿ ಬಿಗಿದು ನೆಲಕ್ಕೆ ಕಟ್ಟದೆ ಗೂಡನ್ನು ನಿಲ್ಲಿಸಬಾರದು. ಕಂಬ ಕೊಳೆಯುವುದು ಮಣ್ಣಿನ ಆಳದಲ್ಲಲ್ಲ; ಅಲ್ಲಿ ಶಿಲೀಂಧ್ರಕ್ಕೆ ಬೇಕಾದ ಗಾಳಿ ಇಲ್ಲ. ಗಾಳಿಯೂ ತೇವವೂ ಕೂಡುವ ನೆಲಮಟ್ಟದ ಕೆಲವು ಅಂಗುಲಗಳಲ್ಲೇ ಅದರ ಕತೆ ಮುಗಿಯುತ್ತದೆ. ಕಂಬವನ್ನು ಹೂಳುವುದಾದರೆ ಮಣ್ಣಿನ ಸಂಪರ್ಕಕ್ಕೆಂದೇ ಔಷಧಿ ಹೊಡೆದದ್ದೆಂದು ಚೀಟಿಯಲ್ಲಿ ನಮೂದಿಸಿರುವುದನ್ನೇ ಕೊಳ್ಳಿ. ಇಲ್ಲವಾದರೆ ಕಾಂಕ್ರೀಟ್ ದಿಂಡಿನ ಮೇಲೆ ಲೋಹದ ಪಾದ ಕೂರಿಸಿ ಕಂಬದ ತಳ ಮಣ್ಣಿನಿಂದ ಒಂದೆರಡು ಅಂಗುಲ ಮೇಲೆ ನಿಲ್ಲುವಂತೆ ಮಾಡಿ.

ಇಷ್ಟೆಲ್ಲ ಹೇಳಿದ್ದು ಸ್ವಂತ ಭೂಮಿಯ ಮಾತು. ನಿಮ್ಮ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸಾರ್ವಜನಿಕ ಭೂಮಿಯಲ್ಲಿ ಶಾಶ್ವತ ಗೂಡು ಕಟ್ಟಲು ಅವಕಾಶವಿಲ್ಲ.

ಪ್ರಶ್ನೆ: ನಾನು ಮಿಷಿಗನ್‌ನಲ್ಲಿ ಔಷಧಿ ಹೊಡೆದ ಮರದಿಂದಲೇ ಅಟ್ಟಣೆ ಕಟ್ಟಿದ್ದೆ. ಮರ ಹೊಸದರಂತೆ ಇದೆ, ಆದರೆ ಸ್ಕ್ರೂಗಳು ತುಕ್ಕು ಹಿಡಿದು ಕೆಲವದರ ತಲೆಯೇ ಮುರಿದುಬಂದಿದೆ. ಮರದ ಔಷಧಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ನೇರ ಸಂಬಂಧವಿದೆ. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೂ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಕೂಡಿದ ಸಿಸಿಎ ಎಂಬ ಔಷಧಿಯನ್ನು ಒತ್ತಡದಿಂದ ತುಂಬುತ್ತಿದ್ದರು. ಆರ್ಸೆನಿಕ್ಕಿನ ವಿಷದ ಕಾರಣಕ್ಕೆ ಮನೆಬಳಕೆಯಿಂದ ಅದನ್ನು ಹಿಂತೆಗೆದುಕೊಂಡ ಮೇಲೆ ಬಂದ ಎಸಿಕ್ಯೂ, ತಾಮ್ರದ ಅಜೋಲ್ ಮುಂತಾದ ಔಷಧಿಗಳಲ್ಲಿ ತಾಮ್ರದ ಪಾಲು ಬಹಳ ಹೆಚ್ಚು. ಒದ್ದೆ ಮರದಲ್ಲಿ ಈ ತಾಮ್ರವೂ ಸ್ಕ್ರೂವಿನ ಕಬ್ಬಿಣ ಅಥವಾ ಸತುವೂ ಸೇರಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶವೇ ಏರ್ಪಟ್ಟು, ತಾಮ್ರಕ್ಕಿಂತ ಬೇಗ ಸವೆಯುವ ಲೋಹವಾದ ಸತುವು ಮೊದಲು, ಆಮೇಲೆ ಕಬ್ಬಿಣ ಕರಗಿಹೋಗುತ್ತದೆ. ಹೊಳೆಯುವ ತೆಳು ಸತುವಿನ ಲೇಪನದ ಅಗ್ಗದ ಸ್ಕ್ರೂಗಳು ಇದರ ಎದುರು ನಿಲ್ಲುವುದಿಲ್ಲ.

ಕರಗಿದ ಸತುವಿನಲ್ಲಿ ಅದ್ದಿ ತೆಗೆದ, ಮೈ ಒರಟಾಗಿ ಬೂದು ಬಣ್ಣದಲ್ಲಿ ಕಾಣುವ ಬೋಲ್ಟು, ಮೊಳೆಗಳನ್ನಾಗಲೀ, ಸ್ಟೇನ್‌ಲೆಸ್ ಉಕ್ಕಿನವುಗಳನ್ನಾಗಲೀ ಬಳಸಬೇಕು. ಎರಡನ್ನೂ ಒಂದೇ ಕೀಲಿನಲ್ಲಿ ಬೆರೆಸಬಾರದು. ಸ್ಟೇನ್‌ಲೆಸ್ ಬೋಲ್ಟು ಸತುವು ಲೇಪಿತ ಪಟ್ಟಿಯ ಸತುವನ್ನು ತಾನೇ ಸವೆಸುತ್ತದೆ. ಅಲ್ಯೂಮಿನಿಯಂ ಪಟ್ಟಿಯನ್ನೂ ಇಂಥ ಮರಕ್ಕೆ ನೇರವಾಗಿ ತಾಗಿಸಬೇಡಿ. ಈಗ ನಿಂತಿರುವ ಅಟ್ಟಣೆಯ ಬಗ್ಗೆ ನನ್ನ ಮಾತು ಕಟುವಾಗಿ ಕೇಳಿಸಬಹುದು: ಒಂದು ಸ್ಕ್ರೂವಿನ ತಲೆ ಮುರಿದಿದ್ದರೂ ಉಳಿದವುಗಳ ಒಳದೇಹ ಸವೆದಿದೆ ಎಂದೇ ತಿಳಿಯಬೇಕು. ಭಾರ ಹೊರುವ ಪ್ರತಿ ಕೀಲಿಗೂ ಹೊಸ ಬೋಲ್ಟು ಬೀಳುವವರೆಗೆ ಅದರ ಮೇಲೆ ಹತ್ತಬಾರದು; ಆಮೇಲೆಯೂ ಎತ್ತರದ ಅಟ್ಟಣೆ ಹತ್ತುವಾಗ ಮೈಗೆ ಪೂರ್ತಿ ಬಿಗಿಯುವ ಸುರಕ್ಷಾ ಪಟ್ಟಿ ಇರಲೇಬೇಕು.

ಪ್ರಶ್ನೆ: ಹಳೆಯ ಜಗುಲಿಯೊಂದನ್ನು ಕಳಚಿದಾಗ ಸಿಕ್ಕ ಹಸಿರು ಛಾಯೆಯ ಮರ ಬೇಕಾದಷ್ಟಿದೆ. ಇದರಲ್ಲೇ ಗೂಡು ಕಟ್ಟಬಹುದೇ?

ಉತ್ತರ: ಜಗುಲಿ 2004ಕ್ಕಿಂತ ಹಿಂದಿನದಾದರೆ ಅದು ಸಿಸಿಎ ತುಂಬಿದ ಮರವಾಗಿರುವ ಸಂಭವವೇ ಹೆಚ್ಚು. ಬಾಳಿಕೆಯಲ್ಲಿ ಅದಕ್ಕೆ ಸಾಟಿಯಾದದ್ದು ಕಡಿಮೆ. ಗೆದ್ದಲು ಮತ್ತು ಸೆಕೆಯಿಂದ ಕೂಡಿದ ಮಿಸಿಸಿಪಿಯ ಪರೀಕ್ಷಾ ಭೂಮಿಯಲ್ಲಿ ಹೂತಿಟ್ಟ ಔಷಧಿಯಿಲ್ಲದ ಪೈನ್ ಕಡ್ಡಿಗಳು ಕೆಲವೇ ವರ್ಷಗಳಲ್ಲಿ ಮಣ್ಣಾದರೆ, ಸಿಸಿಎ ತುಂಬಿದವು ದಶಕಗಳ ಕಾಲ ಉಳಿದಿವೆ. ಕಂಬ, ತೊಲೆಗಳಿಗೆ ಅದನ್ನು ಬಳಸುವುದು ನನಗೆ ಒಪ್ಪಿಗೆ. ಕೈಯೂರುವ ಕಿಟಕಿಯ ಹೊಸ್ತಿಲಿಗೆ, ಕೂರುವ ಹಲಗೆಗೆ, ತಿಂಡಿ ಇಡುವ ಜಾಗಕ್ಕೆ ಬೇಡ. ಗರಗಸ ಹಾಕುವಾಗ ಮುಖಕ್ಕೆ ಧೂಳುತಡೆ ಕಟ್ಟಿಕೊಂಡು, ಪುಡಿಯನ್ನು ನೆಲಕ್ಕೆ ಚೆಲ್ಲದೆ ಒಟ್ಟುಮಾಡಿ ಕಸದ ವ್ಯವಸ್ಥೆಗೆ ಕೊಡಿ. ಉಳಿದ ತುಂಡುಗಳನ್ನು ಶಿಬಿರದ ಬೆಂಕಿಗೆ ಯಾವ ಕಾರಣಕ್ಕೂ ಹಾಕಬೇಡಿ. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ.

ಪ್ರಶ್ನೆ: ಟೆಕ್ಸಸ್‌ನ ಬಿಸಿಲಿನಲ್ಲಿ ಮರಕ್ಕೆ ಬಣ್ಣ ಬಳಿಯುತ್ತ ಕೂರುವ ವ್ಯವಧಾನ ನನಗಿಲ್ಲ. ಅಚ್ಚಿನಲ್ಲಿ ಎರಕ ಹೊಯ್ದ ಪಾಲಿಎಥಿಲೀನ್ ಗೂಡು ಮತ್ತು ಫೈಬರ್‌ಗ್ಲಾಸ್ ಗೂಡು, ಇವೆರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆ?

ಉತ್ತರ: ಎರಡೂ ಕುಂಬಾಗುವುದಿಲ್ಲ, ಎರಡಕ್ಕೂ ಬಿಸಿಲೇ ಶತ್ರು, ಆದರೆ ಸೋಲುವ ರೀತಿ ಬೇರೆ ಬೇರೆ. ಸೂರ್ಯನ ನೇರಳಾತೀತ ಕಿರಣ ಪಾಲಿಎಥಿಲೀನಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತದೆ. ಮೊದಲು ಬಣ್ಣ ಮಾಸಿ, ಆಮೇಲೆ ಮೈ ಬಿಳಿಚಿ, ಕೊನೆಗೆ ಮೂಲೆಗಳಲ್ಲಿ ಬಿರುಕು ಬಿಡುತ್ತದೆ. ಇದನ್ನು ತಡೆಯಲು ಬೆರೆಸುವ ವಸ್ತುಗಳಲ್ಲಿ ಇಂದಿಗೂ ಎಲ್ಲಕ್ಕಿಂತ ನಂಬಿಕೆಯದು ನುಣ್ಣನೆಯ ಇಂಗಾಲದ ಕಪ್ಪು ಪುಡಿ. ಶೇಕಡಾ ಎರಡರ ಸುಮಾರಿನಷ್ಟು ಬೆರೆಸಿದರೆ ಕಿರಣಗಳು ಮೇಲ್ಮೈಯಲ್ಲೇ ನಿಂತುಹೋಗುತ್ತವೆ. ಹೊಲಗಳಲ್ಲಿ ಬಿಸಿಲಿಗೆ ಬಿದ್ದಿರುವ ನೀರಿನ ಪೈಪುಗಳು ಕಪ್ಪಾಗಿರುವುದು ಇದೇ ಕಾರಣಕ್ಕೆ. ಆದರೆ ಕಪ್ಪು ಗೂಡು ನಿಮ್ಮ ಸೀಮೆಯಲ್ಲಿ ಒಲೆಯಂತೆ ಕಾಯುತ್ತದೆ. ತಿಳಿ ಕಂದು ಅಥವಾ ಹಸಿರಿನದನ್ನು ಕೊಳ್ಳುವುದಾದರೆ ಅದರ ರಾಳದಲ್ಲಿ ನೇರಳಾತೀತ ಕಿರಣ ತಡೆಯುವ ವಸ್ತು ಬೆರೆತಿದೆಯೇ, ಆ ಬಗ್ಗೆ ತಯಾರಕರು ಎಷ್ಟು ವರ್ಷದ ಭರವಸೆಯನ್ನು ಬರವಣಿಗೆಯಲ್ಲಿ ಕೊಡುತ್ತಾರೆ ಎಂಬ ಎರಡು ಪ್ರಶ್ನೆ ಕೇಳದೆ ಹಣ ಕೊಡಬೇಡಿ. ಮೇಲಿನಿಂದ ಬಣ್ಣ ಬಳಿದು ಸರಿಪಡಿಸುತ್ತೇನೆಂದರೆ ಆಗುವುದಿಲ್ಲ, ಪಾಲಿಎಥಿಲೀನಿಗೆ ಸಾಮಾನ್ಯ ಬಣ್ಣ ಹಿಡಿಯುವುದೇ ಇಲ್ಲ.

ಈ ಪ್ಲಾಸ್ಟಿಕ್ಕಿನ ಇನ್ನೊಂದು ಸ್ವಭಾವ ಹಿಗ್ಗುವುದು. ಉಷ್ಣತೆ 100 ಡಿಗ್ರಿ ಫ್ಯಾರನ್‌ಹೀಟಿನಷ್ಟು ಏರಿಳಿದರೆ ಎಂಟಡಿ ಉದ್ದದ ಉಕ್ಕು ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಬದಲಾಗುತ್ತದೆ. ಅಷ್ಟೇ ಉದ್ದದ ಪಾಲಿಎಥಿಲೀನ್ ಮುಕ್ಕಾಲು ಅಂಗುಲದ ಹತ್ತಿರ ಹೋಗುತ್ತದೆ. ಬೆಳಗಿನ ಚಳಿಯಿಂದ ಬಿಸಿಲಿಗೆ ತಿರುಗುವ ಹೊತ್ತಿನಲ್ಲಿ, ಅಂದರೆ ಜಿಂಕೆ ಓಡಾಡುವ ಹೊತ್ತಿನಲ್ಲಿಯೇ, ಇಂಥ ಗೂಡು ಕಿರುಗುಟ್ಟುವುದೂ ಇದರಿಂದಲೇ. ಎರಡು ಭಾಗಗಳನ್ನು ಬೋಲ್ಟಿನಿಂದ ಕೂಡಿಸಿದ ಮಾದರಿಗಳಲ್ಲಿ ತೂತುಗಳು ದುಂಡಗಿರದೆ ಉದ್ದವಾಗಿ ಸೀಳಿರಬೇಕು, ವಾಷರುಗಳು ಅಗಲವಾಗಿರಬೇಕು, ಬೋಲ್ಟನ್ನು ಉಸಿರುಗಟ್ಟುವಂತೆ ಬಿಗಿಯಬಾರದು. ಪೆಟ್ಟು ತಾಳುವುದರಲ್ಲಿ ಮಾತ್ರ ಪಾಲಿಎಥಿಲೀನಿಗೆ ಎಣೆಯಿಲ್ಲ: ಕಡು ಚಳಿಯಲ್ಲೂ ಒಡೆಯದೆ ಬಾಗುತ್ತದೆ, ಬಂಡಿಯಿಂದ ಜಾರಿ ಬಿದ್ದರೂ ಸಾಮಾನ್ಯವಾಗಿ ಸೀಳುವುದಿಲ್ಲ. ಪಿವಿಸಿ ಪೈಪುಗಳ ಚೌಕಟ್ಟಿನಲ್ಲಿ ಈ ಗುಣ ಇಲ್ಲ. ಬಿಸಿಲುಂಡ ಪಿವಿಸಿ ಚಳಿಯ ದಿನ ಗಾಜಿನಂತೆ ಮುರಿಯುತ್ತದೆ.

ಫೈಬರ್‌ಗ್ಲಾಸ್ ಗಾಜಿನ ನಾರು ಮತ್ತು ರಾಳದ ಗಡುಸಾದ ಜೋಡಿ. ಹಿಗ್ಗುವುದು ಕಡಿಮೆ, ಕಿರುಗುಟ್ಟುವುದೂ ಕಡಿಮೆ, ಬಾಗಿಲು ಕಿಟಕಿಗಳ ಹೊಂದಿಕೆ ವರ್ಷಗಟ್ಟಲೆ ಕೆಡುವುದಿಲ್ಲ. ದೋಣಿಗಳ ಹೊರಮೈಗೆ ಹಾಕುವಂಥ ಜೆಲ್‌ಕೋಟ್ ಪದರ ಅದನ್ನು ಬಿಸಿಲಿನಿಂದ ಕಾಯುತ್ತದೆ. ಅದು ಸವೆದು ಮುಟ್ಟಿದರೆ ಕೈಗೆ ಸುಣ್ಣದಂಥ ಪುಡಿ ಹತ್ತತೊಡಗಿದಾಗ ಉಜ್ಜಿ ಹೊಸ ಲೇಪನ ಕೊಡಬಹುದು. ಒಡೆದರೂ ಬಟ್ಟೆ ಮತ್ತು ರಾಳ ತೇಪೆ ಹಾಕಿ ಗಟ್ಟಿಗೊಳಿಸಬಹುದು. ದುರಸ್ತಿಗೆ ಒಗ್ಗುವ ಈ ಗುಣಕ್ಕಾಗಿಯೇ, ಗೂಡನ್ನು ಒಂದು ಕಡೆ ನಿಲ್ಲಿಸಿಬಿಡುವ ನಿಮ್ಮಂಥವರಿಗೆ ನಾನು ಫೈಬರ್‌ಗ್ಲಾಸನ್ನೇ ಹೇಳುತ್ತೇನೆ. ವರ್ಷ ವರ್ಷ ಬೇರೆ ಹೊಲಕ್ಕೆ ಎಳೆದೊಯ್ಯುವವರು ಪಾಲಿಎಥಿಲೀನ್ ಆರಿಸಲಿ.

ಪ್ರಶ್ನೆ: ಬಿಚ್ಚಿದರೆ ತಾನೇ ನಿಲ್ಲುವ ಬಟ್ಟೆಯ ಗೂಡನ್ನು ವರ್ಷವಿಡೀ ಹೊಲದಲ್ಲೇ ಬಿಡಬಹುದೇ? ಜಾಹೀರಾತಿನಲ್ಲಿ 600 ಡೀನಿಯರ್ ಎಂದಿದೆ.

ಉತ್ತರ: ಬಿಡಬಾರದು. ಡೀನಿಯರ್ ಎಂಬುದು ಒಂಬತ್ತು ಸಾವಿರ ಮೀಟರ್ ನೂಲಿನ ತೂಕವನ್ನು ಗ್ರಾಂನಲ್ಲಿ ಹೇಳುವ ಅಳತೆ. ಅಂಕಿ ದೊಡ್ಡದಾದಷ್ಟೂ ನೂಲು ದಪ್ಪ, ಮುಳ್ಳು ಕಂಟಿಗೆ ಹರಿಯುವುದು ಕಡಿಮೆ. ಬಿಸಿಲಿಗೆ ಅದೇನೂ ಅಭಯವಲ್ಲ. ನೈಲಾನಿಗಿಂತ ಪಾಲಿಯೆಸ್ಟರ್ ಬಿಸಿಲನ್ನು ಹೆಚ್ಚು ತಾಳುತ್ತದೆ, ಆದರೂ ಹೊಲಿಗೆಯ ದಾರ ಮತ್ತು ಒಳಗಿನ ನೀರುತಡೆ ಲೇಪನ ಬಟ್ಟೆಗಿಂತ ಮೊದಲೇ ಕೈಕೊಡುತ್ತವೆ. ಹಿಮ ಬೀಳುವ ಕಡೆ ಒಂದೇ ರಾತ್ರಿಯ ಒದ್ದೆ ಹಿಮದ ಭಾರಕ್ಕೆ ಚಾವಣಿಯ ಕಡ್ಡಿಗಳು ಮುರಿಯುತ್ತವೆ. ಋತು ಮುಗಿದ ಕೂಡಲೇ ಇಳಿಸಿ, ಪೂರ್ತಿ ಒಣಗಿಸಿ, ಇಲಿ ಹೋಗದ ಪೆಟ್ಟಿಗೆಯಲ್ಲಿಟ್ಟರೆ ಹಲವು ವರ್ಷ ಬಾಳುತ್ತದೆ.

ಬಟ್ಟೆಯ ಗೂಡಿನ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಜಿಂಕೆಯ ಕಣ್ಣಿಗೆ ಕೆಂಪು ಮತ್ತು ಹಸಿರಿನ ಭೇದ ಸರಿಯಾಗಿ ತಿಳಿಯದು, ಆದರೆ ನಮ್ಮ ಕಣ್ಣಿನ ಮಸೂರ ತಡೆದುಬಿಡುವ ನೇರಳಾತೀತದ ಅಂಚಿನ ಬೆಳಕು ಅದಕ್ಕೆ ಕಾಣುತ್ತದೆ. ಬಟ್ಟೆಯನ್ನು ಬೆಳ್ಳಗೆ ಹೊಳೆಯಿಸುವ ಸಾಬೂನುಗಳಲ್ಲಿನ ಹೊಳಪುಕಾರಕಗಳು ಈ ಬೆಳಕನ್ನು ನೀಲಿಯಾಗಿ ಹೊರಚೆಲ್ಲುವುದರಿಂದ, ಕೊಳೆಯಾಯಿತೆಂದು ಗೂಡನ್ನು ಅಂಥ ಸಾಬೂನಿನಲ್ಲಿ ತೊಳೆದರೆ ನಮಗೆ ಮಬ್ಬಾಗಿ ಕಂಡದ್ದು ಜಿಂಕೆಗೆ ಎದ್ದು ಕಾಣಬಹುದು. ಬರಿಯ ನೀರು ಮತ್ತು ಬ್ರಷ್ ಸಾಕು. ಜಿಂಕೆಗೆ ಕಿತ್ತಳೆ ಬಣ್ಣ ಎದ್ದು ಕಾಣುವುದಿಲ್ಲ ಎಂಬುದರ ಲಾಭವನ್ನು ಕಾನೂನು ಪಡೆದುಕೊಂಡಿದೆ: ವಿಸ್ಕಾನ್ಸಿನ್‌ನ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಭೂಮಿಯಲ್ಲಿ ಬಂದೂಕಿನ ಋತುವಿನಲ್ಲಿ ನೆಲದ ಮೇಲಿನ ಗೂಡಿಗೆ ಎಲ್ಲ ದಿಕ್ಕಿನಿಂದಲೂ ಕಾಣುವಂತೆ ಕನಿಷ್ಠ 144 ಚದರ ಅಂಗುಲ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಟ್ಟೆ ಕಟ್ಟಿರಬೇಕು.

ಪ್ರಶ್ನೆ: ಕಿಟಕಿಗೆ ಗಾಜು ಒಳ್ಳೆಯದೋ, ಪ್ಲಾಸ್ಟಿಕ್ ಹಾಳೆಯೋ? ಚಳಿಗೆ ಗೂಡನ್ನು ಗಾಳಿಯಾಡದಂತೆ ಮುಚ್ಚಿ ಹೀಟರ್ ಇಟ್ಟುಕೊಳ್ಳುವ ಯೋಚನೆಯಿದೆ.

ಉತ್ತರ: ನಿಂತ ಜಾಗದಲ್ಲೇ ಇರುವ ಗೂಡಿಗೆ ಹದಗೊಳಿಸಿದ (ಟೆಂಪರ್ಡ್) ಗಾಜು ಉತ್ತಮ, ಅದು ಹಳದಿಯಾಗುವುದಿಲ್ಲ, ಒರೆಸಿದರೆ ಗೀರು ಬೀಳುವುದಿಲ್ಲ. ಪ್ಲಾಸ್ಟಿಕ್ ಹಾಳೆಗಳಲ್ಲಿ ಅಕ್ರಿಲಿಕ್ ಬಿಸಿಲಿಗೆ ಚೆನ್ನಾಗಿ ತಡೆಯುತ್ತದೆ, ಪೆಟ್ಟಿಗೆ ಒಡೆಯುತ್ತದೆ. ಪಾಲಿಕಾರ್ಬೊನೇಟ್ ಪೆಟ್ಟಿಗೆ ಜಗ್ಗುವುದಿಲ್ಲ, ಆದರೆ ಹೊರಮುಖಕ್ಕೆ ಕಿರಣತಡೆ ಪದರ ಇಲ್ಲದಿದ್ದರೆ ಹಳದಿಯಾಗುತ್ತದೆ. ಆ ಪದರ ಒಂದೇ ಮುಖಕ್ಕಿರುವ ಹಾಳೆಗಳನ್ನು ತಿರುಗುಮುರುಗಾಗಿ ಕೂರಿಸಿ ಹಾಳುಮಾಡಿಕೊಳ್ಳುವವರು ಕಡಿಮೆಯೇನಿಲ್ಲ, ಆದ್ದರಿಂದ ಅಂಟಿಸಿರುವ ಚೀಟಿಯನ್ನು ಓದಿಯೇ ಸುಲಿಯಿರಿ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿದರೆ ಹಿಂಬದಿಯ ಬೆಳಕಿನಲ್ಲಿ ನಿಮ್ಮ ಆಕೃತಿ ಮೂಡುವುದಿಲ್ಲ.

ಗಾಳಿಯಾಡದಂತೆ ಮುಚ್ಚುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಪ್ರೊಪೇನ್ ಹೀಟರ್ ಉರಿಯುವಾಗ ಇಕ್ಕಟ್ಟಿನ ಜಾಗದಲ್ಲಿ ಆಮ್ಲಜನಕ ಕುಗ್ಗಿ, ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳಬಹುದು; ಜೋಂಪು ಹತ್ತಿದವರಿಗೆ ಏಳಬೇಕೆಂಬ ಅರಿವೂ ಉಳಿಯುವುದಿಲ್ಲ. ಅಷ್ಟೇ ಅಲ್ಲದೆ ಪ್ರೊಪೇನ್ ಉರಿದಾಗ ನೀರಾವಿಯೂ ಹುಟ್ಟುತ್ತದೆ, ಅದು ಚೌಕಟ್ಟಿನ ಸಂದುಗಳಲ್ಲಿ ಇಳಿದು ಮರವನ್ನು ಒಳಗಿನಿಂದಲೇ ಕೊಳೆಸುತ್ತದೆ. ನೆಲದ ಹತ್ತಿರ ಒಂದು, ಸೂರಿನ ಕೆಳಗೆ ಒಂದು, ಕಣಜ ಮತ್ತು ಇಲಿಗಳು ನುಗ್ಗದಂತೆ ಲೋಹದ ಬಲೆ ಹೊಡೆದ ಗಾಳಿಕಿಂಡಿಗಳು ಸದಾ ತೆರೆದಿರಲಿ. ಸದ್ದಡಗಲೆಂದು ನೆಲಕ್ಕೆ ರತ್ನಗಂಬಳಿಯನ್ನು ಅಂಟಿಸುವುದೂ ಇದೇ ಬಗೆಯ ಕೇಡು, ಅದರ ಕೆಳಗಿನ ಹಲಗೆ ಎಂದಿಗೂ ಒಣಗುವುದಿಲ್ಲ. ಎತ್ತಿ ಒದರಬಹುದಾದ ರಬ್ಬರ್ ಚಾಪೆ ಹಾಸಿಕೊಳ್ಳಿ.

ಪ್ರಶ್ನೆ: ಮಿನ್ನೆಸೋಟದ ಉತ್ತರದಲ್ಲಿ ನಮ್ಮ ಗೂಡಿನ ನೆಲವನ್ನು ಮುಳ್ಳುಹಂದಿಗಳು ಕಡಿದು ತಿಂದಿವೆ. ಪ್ಲೈವುಡ್ಡಿನಲ್ಲಿ ಅವುಗಳಿಗೇನು ರುಚಿ? ತಡೆಯುವುದು ಹೇಗೆ?

ಉತ್ತರ: ಅವುಗಳನ್ನು ಸೆಳೆಯುವುದು ಉಪ್ಪಿನ ಹಸಿವು. ಮರದ ತೊಗಟೆ, ಎಲೆಗಳಲ್ಲಿ ಸೋಡಿಯಂ ಬಹಳ ಕಡಿಮೆ ಇರುವುದರಿಂದ ಉತ್ತರ ಅಮೆರಿಕದ ಮುಳ್ಳುಹಂದಿ ಪ್ಲೈವುಡ್ಡಿನ ಅಂಟನ್ನೂ, ಮನುಷ್ಯರ ಬೆವರು ಹತ್ತಿದ ಕೊಡಲಿ ಹಿಡಿ ಮತ್ತು ಕುರ್ಚಿಯ ಕೈಗಳನ್ನೂ ಕಡಿಯುತ್ತದೆ. ಅದು ಮರ ಹತ್ತುವ ಪ್ರಾಣಿಯಾದ್ದರಿಂದ ಎತ್ತರದ ಗೂಡಿಗೂ ರಕ್ಷಣೆಯಿಲ್ಲ. ಬಣ್ಣದಿಂದ, ವಾಸನೆಯ ಸಿಂಪಡಣೆಯಿಂದ ಹೆಚ್ಚು ಫಲ ಕಾಣದು. ಪ್ರತಿ ಕಂಬಕ್ಕೂ ನೆಲದಿಂದ ಮೂರಡಿ ಮೇಲೆ, ಸುತ್ತಲೂ ಎರಡಡಿ ಉದ್ದದ ನುಣುಪಾದ ತಗಡಿನ ಕವಚವನ್ನು ಬಿಗಿದರೆ ಉಗುರು ಹಿಡಿಯದೆ ಜಾರುತ್ತದೆ. ಏಣಿಯ ಕೆಳಭಾಗವನ್ನು ಋತು ಮುಗಿದ ಮೇಲೆ ಕಳಚಿಡಬೇಕು, ಗೂಡಿಗೆ ತಾಗುವ ಕೊಂಬೆಗಳನ್ನು ಸವರಬೇಕು. ಆ ತಗಡು ಮತ್ತು ಔಷಧಿ ಹೊಡೆದ ಕಂಬದ ನಡುವೆ ದಪ್ಪನೆಯ ಡಾಂಬರು ಕಾಗದವೊಂದನ್ನು ಸುತ್ತಿ, ಮೇಲಂಚಿನಲ್ಲಿ ನೀರು ಇಳಿಯದಂತೆ ಸೀಲಂಟ್ ತುಂಬಿ. ಇಲ್ಲದಿದ್ದರೆ ಕವಚದ ಹಿಂದೆ ನಿಂತ ನೀರಿನಲ್ಲಿ ತಗಡೇ ಮೊದಲು ತೂತಾಗುತ್ತದೆ. ಈಗಾಗಲೇ ಕಡಿದ ನೆಲದ ಹಲಗೆಯನ್ನು ಬದಲಾಯಿಸುವಾಗ ಅದರ ಕೆಳಮುಖಕ್ಕೆ ಅರ್ಧ ಅಂಗುಲ ಕಣ್ಣಿನ ಸತುವು ಲೇಪಿತ ಬಲೆಯನ್ನು ಹೊಡೆಯಿರಿ. ಅಲ್ಲಿ ಗಟ್ಟಿ ತಗಡನ್ನು ಹೊಡೆಯುವುದು ಬೇಡ, ಬಲೆಯಾದರೆ ಹಲಗೆಯ ಕೆಳಮೈಗೆ ಗಾಳಿ ಆಡುತ್ತಲೇ ಇರುತ್ತದೆ.